ಗಂಡನಿಗೆ ಹೇಳಬೇಡ ಎಂದ ಗುರುಗಳು

ಪ್ರಶ್ನೆ: ಮೇಡಂ, ನನಗೆ 31 ವರ್ಷ. ತಿಪಟೂರಿನ ಹತ್ತಿರ ನಮ್ಮೂರು. ಎರಡು ವರ್ಷದಲ್ಲಿ ಎರಡು ಸಲ ಗರ್ಭ ನಿಲ್ಲಲಿಲ್ಲ. ಡಾಕ್ಟರು ಥೈರಾಯ್ಡ್ ಕಡಿಮೆ ಇದೆ ಎಂದು ಮಾತ್ರೆ ಕೊಟ್ಟಿದ್ದಾರೆ. ಹೋದ ತಿಂಗಳು ಅತ್ತೆ ಒಬ್ಬ ಗುರುಗಳ ಹತ್ತಿರ ಕರೆದುಕೊಂಡು ಹೋದರು. ನಾನು ಬಾಯಿ ಬಿಡುವ ಮೊದಲೇ "ಎರಡು ಕಳಕೊಂಡಿದ್ದೀಯ" ಎಂದರು. ಮೈ ಜುಂ ಎಂದಿತು. ಸರ್ಪದೋಷವಂತೆ. ಶಾಂತಿಗೆ 65,000 ರೂಪಾಯಿ, ಅಮಾವಾಸ್ಯೆಯೊಳಗೆ ಕೊಡಬೇಕು. ವ್ರತದ 48 ದಿನ ಮಾತ್ರೆ ಮುಟ್ಟಬಾರದು. ಗಂಡನಿಗೆ ಹೇಳಬಾರದು, ಹೇಳಿದರೆ ಫಲ ಇಲ್ಲ. ಬಳೆ ಗಿರವಿ ಇಡೋಣ ಎನ್ನುತ್ತಾರೆ ಅತ್ತೆ. ನನಗೆ ದೇವರಲ್ಲಿ ನಂಬಿಕೆ ಇದೆ. ಆದರೂ ಮನಸ್ಸು ಒಪ್ಪುತ್ತಿಲ್ಲ. ಅನುಮಾನ ಪಟ್ಟರೆ ಪಾಪ ಬರುತ್ತದೆಯೇ?

ಉತ್ತರ: ನನ್ನ ಸೊಸೆಗಿಂತ ಚಿಕ್ಕವಳು ನೀನು. ಏಕವಚನಕ್ಕೆ ಬೇಜಾರು ಮಾಡಿಕೊಳ್ಳಬೇಡಮ್ಮ. ಮಾತ್ರೆ ನಿಲ್ಲಿಸಬೇಡ ಎಂದು ನಿನ್ನ ವಿಳಾಸಕ್ಕೆ ಆಗಲೇ ಕಾಗದ ಹಾಕಿದ್ದೇನೆ. ಪತ್ರಿಕೆ ಅಚ್ಚಾಗುವ ತನಕ ಕಾಯುವ ವಿಷಯ ಅದಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ. ಇಂಥ ಕಾಗದ ಬರೆದವಳು ನೀನೊಬ್ಬಳೇ ಅಲ್ಲ.

1991ರಲ್ಲಿ ನಾನೂ ಹೀಗೇ ಒಬ್ಬನ ಮುಂದೆ ಕೂತಿದ್ದೆ, ಮಗನನ್ನು ತೊಡೆ ಮೇಲೆ ಹಾಕಿಕೊಂಡು. ಅವನಿಗೆ ಏಳು ವರ್ಷ, ಮೂರ್ಛೆ ರೋಗ, ದಿನಾ ಮಾತ್ರೆ. ಆ ಮನುಷ್ಯ ತಾಯಿತ ಕಟ್ಟಿ, "ಮಾತ್ರೆ ಇದ್ದರೆ ಇದು ಕೆಲಸ ಮಾಡಲ್ಲ" ಎಂದ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು! 1976ರಲ್ಲಿ ನಾನು ಬೆಂಗಳೂರಿನಲ್ಲಿ ಬಿಎಸ್ಸಿ ಓದುವಾಗ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷೆ ಮಾಡಲು ವಿಶ್ವವಿದ್ಯಾಲಯದಲ್ಲಿ ಒಂದು ಸಮಿತಿಯನ್ನೇ ಮಾಡಿದ್ದರು. ಹಾಸ್ಟೆಲಿನಲ್ಲಿ ಅವರ ಪರ ಗಂಟೆಗಟ್ಟಲೆ ವಾದ ಮಾಡಿದವಳು ನಾನು. ಹೆತ್ತ ಮಗು ಕಾಯಿಲೆ ಬಿದ್ದಾಗ ಅದೆಲ್ಲ ಎಲ್ಲಿ ಹೋಯಿತೋ. ಮಾತ್ರೆ ನಿಲ್ಲಿಸಿದೆ. ಹನ್ನೆರಡನೇ ದಿನ ಹುಡುಗ ಬಚ್ಚಲುಮನೆಯಲ್ಲಿ ಬಿದ್ದ. ಒಂದು ಫಿಟ್ಸ್ ಮುಗಿಯುವ ಮೊದಲೇ ಇನ್ನೊಂದು. ಆ ಮಾತ್ರೆಗಳನ್ನು ತಟ್ಟನೆ ಬಿಟ್ಟರೆ ಹೀಗಾಗುತ್ತದೆ ಎಂದು ನಿಮ್ಹಾನ್ಸ್‌ನಲ್ಲಿ ಡಾಕ್ಟರು ಹೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹುಬ್ಬಿನ ಮೇಲಿನ ಹೊಲಿಗೆಯ ಗುರುತು ಇನ್ನೂ ಇದೆ ಅವನಿಗೆ.

ಊರಿಗೆ ಬಂದ ಮೇಲೆ ನಮ್ಮ ಬೀದಿಯ ಪುರೋಹಿತರ ಹತ್ತಿರ ಹೋಗಿ ಅತ್ತುಬಿಟ್ಟೆ. ವಯಸ್ಸಾದವರು. ಮಗನ ಜಾತಕ ಹಿಡಿದುಕೊಂಡು ಹೋಗಿದ್ದೆ, ಅವರು ಬಿಚ್ಚಲೇ ಇಲ್ಲ. "ಮೊದಲು ಮಾತ್ರೆ ಶುರು ಮಾಡಮ್ಮ. ಶನಿವಾರ ಆಂಜನೇಯನಿಗೆ ಒಂದು ದೀಪ ಹಚ್ಚು, ನಿನ್ನ ಸಮಾಧಾನಕ್ಕೆ" ಎಂದರು. ಹನ್ನೊಂದು ರೂಪಾಯಿ ದಕ್ಷಿಣೆ ಇಟ್ಟೆ. ಮತ್ತೆ ಬಾ ಎನ್ನಲಿಲ್ಲ. ಆ ದೀಪ ಈಗಲೂ ಹಚ್ಚುತ್ತೇನೆ. ಆದ್ದರಿಂದ ನನ್ನನ್ನು ನಾಸ್ತಿಕಳು ಎಂದುಕೊಳ್ಳಬೇಡ. ನಾನು ಹೋದದ್ದು ಇಬ್ಬರ ಹತ್ತಿರ. ಒಬ್ಬ ನನ್ನನ್ನು ಡಾಕ್ಟರಿಂದ ಬಿಡಿಸಿದ, ಇನ್ನೊಬ್ಬರು ವಾಪಸು ಕಳಿಸಿದರು.

ಬಾಯಿ ಬಿಡುವ ಮೊದಲೇ ಹೇಳಿದರು ಎಂದೆಯಲ್ಲ, ಅದನ್ನು ಸ್ವಲ್ಪ ಬಿಡಿಸಿ ನೋಡೋಣ. ಯಾವತ್ತು ಬರಲಿ ಎಂದು ಮೊದಲು ಫೋನ್ ಮಾಡಿದ್ದು ಯಾರು, ಏನೇನು ಹೇಳಿದರು? ಹೊರಗೆ ಎಷ್ಟು ಹೊತ್ತು ಕೂತಿದ್ದಿರಿ? "ಯಾವೂರು, ಏನು ಕಷ್ಟ" ಎಂದು ಅತ್ತೆಯನ್ನು ಮಾತಿಗೆಳೆದವರು ಯಾರಾದರೂ ಇದ್ದರಾ? ಅತ್ತೆಯ ಜೊತೆ ಮೂವತ್ತರ ಸೊಸೆ, ಕಂಕುಳಲ್ಲಿ ಕೂಸಿಲ್ಲ. ಅರ್ಧ ಕಥೆ ನಾನೂ ಹೇಳಬಲ್ಲೆ.

ಟೀಚರ್ ಬುದ್ಧಿ ಬಿಡುವುದಿಲ್ಲ ನೋಡು, ನಿನ್ನ ಕಾಗದದಲ್ಲಿ ಒಂದು ಕಡೆ ಕೆಂಪು ಗೆರೆ ಎಳೆದಿದ್ದೇನೆ. ಗಂಡನಿಗೆ ಹೇಳಬಾರದು ಎಂದಿರುವ ಕಡೆ. ಇಂಥ ಪೂಜೆಗೆ ಸಾಮಾನ್ಯವಾಗಿ ಗಂಡ ಹೆಂಡತಿ ಜೊತೆಗೆ ಕೂತು ಸಂಕಲ್ಪ ಮಾಡುತ್ತಾರೆ, ಅಲ್ವಾ? ಸಂತಾನಕ್ಕೆ ಮಾಡುವ ಶಾಂತಿಯನ್ನು ಗಂಡನಿಂದಲೇ ಮುಚ್ಚಿಡಬೇಕೆನ್ನುವ ಶಾಸ್ತ್ರ ಯಾವುದು? ಅವನು ಬಂದು "ರಸೀದಿ ಕೊಡ್ತೀರಾ" ಎಂದುಬಿಟ್ಟರೆ ಕಷ್ಟ, ಅಷ್ಟೇ. ಇವತ್ತೇ ಹೇಳು ಅವನಿಗೆ. ಬಳೆ ಪೆಟ್ಟಿಗೆಯಲ್ಲೇ ಇರಲಿ.

ಇನ್ನು ಮಾತ್ರೆ. ಥೈರಾಯ್ಡ್ ಕಡಿಮೆ ಇದ್ದು ಅದನ್ನು ಸರಿಪಡಿಸದಿದ್ದರೆ ಗರ್ಭ ಹೋಗುವ ಸಾಧ್ಯತೆ ಜಾಸ್ತಿ. 48 ದಿನ ಮಾತ್ರೆ ಬಿಟ್ಟರೆ, ನೀನು ಏನನ್ನು ಬೇಡಿಕೊಳ್ಳುತ್ತಿದ್ದೀಯೋ ಅದಕ್ಕೇ ಅಡ್ಡ ನಿಂತ ಹಾಗೆ. ಗೊತ್ತಾದ ಗರ್ಭಗಳಲ್ಲೇ 100ಕ್ಕೆ 10ರಿಂದ 20 ನಿಲ್ಲುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗುವ ಎಷ್ಟೋ ಗರ್ಭಗಳಲ್ಲಿ ಭ್ರೂಣದ ಕ್ರೋಮೋಸೋಮ್‌ಗಳೇ ಸರಿಯಾಗಿ ಕೂಡಿರುವುದಿಲ್ಲ. ನೀನು ಹಾವಿಗೆ ಏನೂ ಮಾಡಿಲ್ಲ, ಹಾವು ನಿನಗೆ ಏನೂ ಮಾಡಿಲ್ಲ.

ಇಷ್ಟು ಹೇಳಿದರೂ ಅತ್ತೆಯ ಭಯ ಹೋಗದಿದ್ದರೆ ಜಗಳ ಬೇಡ. ಮೂವರೂ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿ ಬನ್ನಿ. ಮುಜರಾಯಿ ದೇವಸ್ಥಾನ ಅದು. ಸರ್ಪದೋಷಕ್ಕೆಂದು ಅಲ್ಲಿ ಮಾಡಿಸುವ ಆಶ್ಲೇಷ ಬಲಿ ಪೂಜೆಗೆ ಸೇವಾ ದರ ನಿಗದಿ ಮಾಡಿದ್ದಾರೆ, ದುಡ್ಡು ಕಟ್ಟಿದರೆ ರಸೀದಿ ಕೊಡುತ್ತಾರೆ. ಅದು 65,000ದ ಹತ್ತಿರಕ್ಕೂ ಬರುವುದಿಲ್ಲ. ಮಾತ್ರೆ ಬಿಡು ಎಂದು ಆ ರಸೀದಿಯಲ್ಲಿ ಬರೆದಿರುವುದೂ ಇಲ್ಲ.

ಅನುಮಾನ ಪಟ್ಟರೆ ಪಾಪವೇ ಎಂದು ಕೇಳಿದ್ದೀಯ. ತಿಪಟೂರಿನ ಕಡೆಯವಳು ನೀನು, ತೆಂಗಿನಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡದೆ ತರುತ್ತೀಯಾ? ದೇವರಿಗೆ ಒಡೆಯುವುದೂ ಅದೇ ಕಾಯಿಯನ್ನೇ.

ಅತ್ತೆಯ ಮೇಲೆ ಸಿಟ್ಟಾಗಬೇಡ. ಬಳೆ ಗಿರವಿ ಇಡಲು ಹೊರಟಿದ್ದಾರೆಂದರೆ ಅವರೂ ಅಷ್ಟು ಹೆದರಿದ್ದಾರೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗು. ಕೇಳಬೇಕೆನಿಸಿದ್ದನ್ನು ಅವರೇ ಕೇಳಲಿ. ಥೈರಾಯ್ಡ್ ಮಾತ್ರೆ ಬೆಳಗ್ಗೆ ಖಾಲಿ ಹೊಟ್ಟೆಗೆ ನುಂಗಬೇಕು, ಅರ್ಧ ಗಂಟೆ ಆಗುವ ತನಕ ಕಾಫಿ ಕುಡಿಯಬಾರದು. ನಿಮ್ಮ ಮನೆಯಲ್ಲಿ ಬೆಳಗಿನ ಕಾಫಿ ಮಾಡುವವರು ಅತ್ತೆಯೇ ಆದರೆ, ಗಡಿಯಾರ ನೋಡುವ ಕೆಲಸವನ್ನು ಅವರಿಗೇ ಒಪ್ಪಿಸು.