ಓದುಗರ ಪ್ರಶ್ನೆ, ನಮ್ಮ ಉತ್ತರ: ‘ಒನ್ಸ್ ಅಪಾನ್ ಎ ಟೈಮ್ ಇನ್ ಅಮೆರಿಕ’

ಪ್ರಶ್ನೆ: ಸರ್ಜಿಯೊ ಲಿಯೋನೆ ಅವರ ಈ ಸಿನಿಮಾದಾಗ (1984) ನೂಡಲ್ಸ್ ಅನ್ನೋ ಕಳ್ಳ ಹೆಂಡದ ಗ್ಯಾಂಗಿನವ ತನ್ನ ಗೆಳೆಯಾರ ಸುದ್ದೀನ ಪೊಲೀಸರಿಗೆ ಮುಟ್ಟಿಸ್ತಾನ. ಕಡೀಕ ನೋಡಿದ್ರ ಅವನ ಜೀವದ ಗೆಳೆಯ ಮ್ಯಾಕ್ಸ್ ಸತ್ತೇ ಇಲ್ಲ. ಹಂಗಾದ್ರ ದ್ರೋಹಿ ಯಾರು?
— ಓದುಗರು, ರಾಣೆಬೆನ್ನೂರು

ಉತ್ತರ: ಸಿನಿಮಾ ನೋಡಿರದವರು ಮುಂದಿನ ಪ್ರಶ್ನೆಗೆ ಹೋಗಿಬಿಡಿ. ನೂಡಲ್ಸ್ ಪೊಲೀಸರಿಗೆ ಫೋನ್ ಮಾಡುವುದು 1933ರಲ್ಲಿ, ಅಮೆರಿಕದ ಪಾನನಿಷೇಧ ಮುಗಿಯುವ ಹೊತ್ತಿಗೆ. ಫೆಡರಲ್ ರಿಸರ್ವ್ ಬ್ಯಾಂಕ್ ದೋಚುವ ಹುಚ್ಚು ಮ್ಯಾಕ್ಸ್‌ನ ತಲೆಗೆ ಹೊಕ್ಕಿರುತ್ತದೆ. ಹೋದರೆ ಹೆಣವೇ ಗತಿ. ಕಳ್ಳ ಹೆಂಡದ ಕೇಸಿನಲ್ಲಿ ಸಿಕ್ಕು ಕೆಲಕಾಲ ಜೈಲಲ್ಲಿದ್ದರೆ ಜೀವ ಉಳಿದೀತು ಎಂಬುದು ನೂಡಲ್ಸ್‌ನ ಲೆಕ್ಕ. ಉಪಾಯ ಹೇಳಿಕೊಟ್ಟವಳು ಮ್ಯಾಕ್ಸ್‌ನ ಪ್ರೇಯಸಿ ಕ್ಯಾರಲ್. ಆದರೆ ಪೊಲೀಸರ ಗುಂಡಿಗೆ ಗೆಳೆಯರೆಲ್ಲ ಸತ್ತರೆಂದೇ ಅವನು ನಂಬುತ್ತಾನೆ. ನಿಜದಲ್ಲಿ ಮ್ಯಾಕ್ಸ್ ಬದುಕಿ, ಗುಂಪಿನ ಹಣ ಹೊಡೆದು, ಹೆಸರು ಬದಲಿಸಿ ಮಂತ್ರಿ ಬೇಯ್ಲಿ ಆಗುತ್ತಾನೆ. ‘ಗೆಳೆಯರನ್ನು ಕೊಂದವನು ನಾನೇ’ ಎಂಬ ಪಾಪಭಾರವನ್ನು ನೂಡಲ್ಸ್ 1968ರವರೆಗೆ ಹೊತ್ತಿರುತ್ತಾನೆ. ದ್ರೋಹಿ ಮ್ಯಾಕ್ಸೇ. ನಿಜಕ್ಕೂ ಸತ್ತವರು ಗುಂಪಿನ ಇನ್ನಿಬ್ಬರು, ಪ್ಯಾಟ್ಸಿ ಮತ್ತು ಕಾಕ್‌ಐ; ಅವರ ಲೆಕ್ಕ ಕೇಳುವವರೇ ಇಲ್ಲ ಎಂಬುದು ನಮ್ಮ ತಕರಾರು. ಕೊನೆಗೆ ಮ್ಯಾಕ್ಸೇ ‘ನನ್ನನ್ನು ಕೊಂದು ಸೇಡು ತೀರಿಸಿಕೋ’ ಎಂದರೂ ನೂಡಲ್ಸ್ ಒಪ್ಪುವುದಿಲ್ಲ. ಅವನನ್ನು ‘ಮಿಸ್ಟರ್ ಬೇಯ್ಲಿ’ ಎಂದೇ ಕರೆಯುತ್ತಾನೆ, ಮ್ಯಾಕ್ಸ್ ಎನ್ನುವುದಿಲ್ಲ. ಗುಂಡಿಗಿಂತ ಅದು ಹೆಚ್ಚು ನಾಟುತ್ತದೆ.

ಪ್ರಶ್ನೆ: ಸಬ್‌ಟೈಟಲ್ ಮಾತಿಗೆ ಹೊಂದವಲ್ದು. ಶುರುವಿಗೆ ಸರಿ ಮಾಡಿದ್ರೂ ಮುಂದ ಮತ್ತ ತಪ್ಪತದ.
— ಓದುಗರು, ಗದಗ

ಉತ್ತರ: ಅಂತರ ನಿಧಾನವಾಗಿ ಬೆಳೆಯುತ್ತಿದೆಯೋ, ಒಮ್ಮೆಲೇ ಜಿಗಿಯುತ್ತಿದೆಯೋ ನೋಡಿ. ನಿಧಾನವಾಗಿ ಬೆಳೆದರೆ ವೇಗದ ತೊಂದರೆ. ಯುರೋಪಿನ ಹಳೆಯ ಡಿವಿಡಿ ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ) ಓಡುತ್ತದೆ, ಉಳಿದವುಗಳಲ್ಲಿ ಹೆಚ್ಚಿನವು 23.976. ಗಂಟೆಗೆ ಸುಮಾರು ಎರಡೂವರೆ ನಿಮಿಷದ ವ್ಯತ್ಯಾಸ. ಸೆಕೆಂಡು ಹಿಂದೆಮುಂದೆ ಮಾಡಿದರೆ ಹೋಗದು. ಸಬ್‌ಟೈಟಲ್ ತಿದ್ದುವ ತಂತ್ರಾಂಶದಲ್ಲಿ ಫ್ರೇಮ್ ರೇಟನ್ನೇ ಬದಲಿಸಬೇಕು. ಒಮ್ಮೆಲೇ ಜಿಗಿದರೆ ಸಬ್‌ಟೈಟಲ್ ಬೇರೆ ಆವೃತ್ತಿಯದು, ಅದಕ್ಕೆ ತಿದ್ದುವ ಗೊಡವೆ ಬೇಡ, ಸರಿಯಾದದ್ದನ್ನೇ ಹುಡುಕಿ. ಇನ್ನು, ಮೇಲಿನ ಸಿನಿಮಾವನ್ನೇ ನೋಡುತ್ತಿದ್ದರೆ, ಆರಂಭದಲ್ಲಿ ಫೋನ್ ಎಡೆಬಿಡದೆ ಬಡಿದುಕೊಳ್ಳುವುದು ನಿಮ್ಮ ಟಿವಿಯ ದೋಷವಲ್ಲ.

ಪ್ರಶ್ನೆ: ಧಾರವಾಡದಾಗ ನಮ್ಮ ಬಳಗದವರಿಗೆ ‘ಒನ್ಸ್ ಅಪಾನ್ ಎ ಟೈಮ್ ಇನ್ ಅಮೆರಿಕ’ ತೋರಿಸಬೇಕಂತೀವಿ. ಯಾವ ಆವೃತ್ತಿ ಛಲೋ?
— ಓದುಗರು, ಧಾರವಾಡ

ಉತ್ತರ: 229 ನಿಮಿಷದ್ದು. ಅಮೆರಿಕದಲ್ಲಿ ಬಿಡುಗಡೆಯಾದ 139 ನಿಮಿಷದ್ದನ್ನು ಮುಟ್ಟಬೇಡಿ: ಕಾಲಕ್ರಮಕ್ಕೆ ಜೋಡಿಸಿಟ್ಟು ನೂಡಲ್ಸ್‌ನ ನೆನಪಿನ ಓಡಾಟವನ್ನೇ ಕತ್ತರಿಸಿದ್ದಾರೆ. 251 ನಿಮಿಷದ್ದೂ ಇದೆ. ಸೇರಿಸಿದ ದೃಶ್ಯಗಳ ಬಣ್ಣ ಮಾಸಿದ್ದು, ಮೊದಲ ಸಲ ನೋಡುವವರಿಗೆ ಕಿರಿಕಿರಿ. ಡಿಸ್ಕ್ ಮನೆಯೊಳಗಿನ ವೀಕ್ಷಣೆಗೆ ಮಾತ್ರ, ಸಭಾಂಗಣಕ್ಕಾದರೆ ಹಕ್ಕುದಾರರ ಅನುಮತಿ ಪಡೆಯಿರಿ. ಅತ್ಯಾಚಾರದ ಎರಡು ದೃಶ್ಯಗಳಿವೆ, ಕರೆಯೋಲೆಯಲ್ಲೇ ತಿಳಿಸಿ, ಮಕ್ಕಳನ್ನು ಬಿಡಬೇಡಿ. ಬಾಲಕ ನೂಡಲ್ಸ್ ಜೈಲಿನ ಬಾಗಿಲು ಹೊಗುವಲ್ಲಿ 15 ನಿಮಿಷ ಚಹಾಕ್ಕೆ ಬಿಡಿ. 4 ಗಂಟೆಗೆ ಸರಿಯಾಗಿ ಶುರುವಾದರೆ 8 ಗಂಟೆ ದಾಟುತ್ತಲೇ ಮುಗಿಯುತ್ತದೆ, ಹುಬ್ಬಳ್ಳಿಯವರು ಚರ್ಚೆ ಮುಗಿಸಿಕೊಂಡೇ ಚಿಗರಿ ಬಸ್ ಹತ್ತಬಹುದು.