ಕಾಕಾನ ಕಲ್ಲಿನ ಮನೆ ಕೆಡವಬೇಕಾ?

ಬಸವಕಲ್ಯಾಣದ ಓದುಗರಿಗೆ ನಮಸ್ಕಾರ.

ಹೋದ ಸಂಚಿಕೆಯಲ್ಲಿ ಗುಜರಾತಿನ ಕಛ್‌ನ ಭುಂಗಾ, ಅಂದ್ರೆ ಹುಲ್ಲಿನ ಮಾಡಿನ ದುಂಡು ಮನೆಗಳ ಬಗ್ಗೆ ಬಂದ ಲೇಖನ ಓದಿ ಸಿಟ್ಟಿನಿಂದಲೇ ಬರೆದಿದ್ದೀರಿ. 'ಹಳೇ ಮನೆ ಹೊಗಳೋದು ಪೇಟೆಯವರಿಗೆ ಸಲೀಸು. ಕಿಲ್ಲಾರಿ ಭೂಕಂಪದಲ್ಲಿ ನಮ್ಮ ಅಜ್ಜಿಯ ತವರಿನವರನ್ನು ಕೊಂದಿದ್ದು ಕಲ್ಲು ಮಣ್ಣಿನ ಗೋಡೆಗಳೇ. ಎಲ್ಲರಿಗೂ ಆರ್‌ಸಿಸಿ (ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್) ಮನೆ ಕೊಡಿ ಅಂತ ಬರೆಯಿರಿ' ಎಂದಿದ್ದೀರಿ. ಊರಲ್ಲಿರುವ ಕಾಕಾನ ಕಲ್ಲಿನ ಮಾಳಿಗೆ ಮನೆ ಕೆಡವಬೇಕಾ ಅಂತಲೂ ಕೇಳಿದ್ದೀರಿ. ಎರಡು ಸಾಲಲ್ಲಿ ಮುಗಿಸುವ ಉತ್ತರ ಅಲ್ಲ ಇದು.

ಗೋಡೆಯ ಬಗ್ಗೆ ನೀವು ಹೇಳಿದ್ದು ಪೂರ್ತಿ ನಿಜ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಗಣಪತಿ ಕಳಿಸಿ ಜನ ಮಲಗಿದ್ದ ಹೊತ್ತು. ಭೂಕಂಪದ ತೀವ್ರತೆ 6.2ರ ಆಸುಪಾಸು. ಅಷ್ಟಕ್ಕೇ ಹತ್ತಿರ ಹತ್ತಿರ 10 ಸಾವಿರ ಜನ ಸತ್ತರು. ಯಾಕೆ ಅಂದ್ರೆ, ಆ ಗೋಡೆ ಹೊರಗಿನಿಂದ ನೋಡಿದರೆ ಎರಡು ಮೂರು ಅಡಿ ದಪ್ಪ, ಆದರೆ ಒಳಗೆ ಅದು ಒಂದು ಗೋಡೆಯೇ ಅಲ್ಲ. ಒಳಮೈಗೊಂದು ಸಾಲು ಕಲ್ಲು, ಹೊರಮೈಗೊಂದು ಸಾಲು, ನಡುವೆ ಚೂರು ಕಲ್ಲು ಮತ್ತು ಮಣ್ಣು. ನೆಲ ಅಲುಗಿದ ಕೂಡಲೇ ಎರಡೂ ಸಾಲು ಬೇರೆ ಬೇರೆ ದಿಕ್ಕಿಗೆ ಹೊಟ್ಟೆ ಬಿಡುತ್ತವೆ.

ಇನ್ನು ಮಾಳಿಗೆ, ಅಂದ್ರೆ ಮಣ್ಣು ಹೊದಿಸಿದ ಚಪ್ಪಟೆ ಚಾವಣಿ. ಸೋರಬಾರದು ಅಂತ ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕೋದು ನಿಮ್ಮ ಕಡೆ ಇವತ್ತಿಗೂ ಇದೆ, ಅಲ್ವಾ? ಅಜ್ಜ ಹಾಕಿದ, ಅಪ್ಪ ಹಾಕಿದ, ಮಗನೂ ಹಾಕಿದ, ಯಾರೂ ಹಳೇ ಮಣ್ಣು ಇಳಿಸಲಿಲ್ಲ. ಕೆಲವು ಮನೆಗಳಲ್ಲಿ ತಲೆಯ ಮೇಲೆ ಎರಡು ಅಡಿ ಮಣ್ಣು ಕೂತಿತ್ತು. ಇದನ್ನು ಪರಂಪರೆ ಅಂತ ಹೊಗಳೋಕೆ ನನಗೂ ಇಷ್ಟವಿಲ್ಲ. ಆದರೆ ಅದೇ ಊರುಗಳಲ್ಲಿ ಎಷ್ಟೋ ಕಡೆ ಗೋಡೆ ಬಿದ್ದರೂ ಮರದ ಕಂಬ, ತೊಲೆ, ಜಂತೆ ಹಾಗೇ ನಿಂತಿದ್ದವು. ಅದೂ ಹಳೇದೇ. ಮಾಳಿಗೆಯ ಭಾರವನ್ನು ಗೋಡೆಯ ಮೇಲೆ ಹೊರಿಸದೆ ಕಂಬಕ್ಕೆ ಕೊಟ್ಟಿದ್ದ ಬಡಗಿಗೆ ಏನೋ ಗೊತ್ತಿತ್ತು.

ಆರ್‌ಸಿಸಿ ವಿಚಾರಕ್ಕೆ ಬರೋಣ. 2001ರ ಜನವರಿ 26ರ ಭೂಕಂಪದ ಕೇಂದ್ರ ಕಛ್‌ನ ಭುಜ್ ಹತ್ತಿರ. ಅಲ್ಲಿಂದ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಅಪಾರ್ಟ್‌ಮೆಂಟುಗಳು ಕುಸಿದವು. ಕೆಳಗೆ ಪಾರ್ಕಿಂಗಿಗೆ ಅಂತ ಬರೀ ಕಂಬ, ಮೇಲೆ ಗೋಡೆ ತುಂಬಿದ ಮಹಡಿಗಳು. ಸಿಮೆಂಟಿದ್ದರೇನು ಬಂತು, ಕಂಬದೊಳಗಿನ ಸರಳಿಗೆ ಸುತ್ತುವ ಕಬ್ಬಿಣದ ರಿಂಗ್ ದೂರ ದೂರ ಕಟ್ಟಿದ್ದರೆ? (ಬೆಂಗಳೂರಿನ ಅಪಾರ್ಟ್‌ಮೆಂಟಿನ ಕೆಳಗೆ ಕಾರು ನಿಲ್ಲಿಸುವವರು ಒಮ್ಮೆ ಸುತ್ತ ನೋಡಿ. ನಮ್ಮದು ಕಡಿಮೆ ಅಪಾಯದ ವಲಯ, ಸರಿ. ಆದರೂ ನೋಡಿ.) ಅತ್ತ ಕಛ್‌ನ ಬನ್ನಿ ಪ್ರದೇಶದ ದುಂಡನೆ ಭುಂಗಾಗಳು ಬಹಳಷ್ಟು ಉಳಿದವು. ಗೋಡೆ ಮೊದಲು ಬಾಯಿ ಬಿಡೋದೇ ಮೂಲೆಯಲ್ಲಿ, ದುಂಡು ಮನೆಗೆ ಮೂಲೆಯೇ ಇಲ್ಲ. ಮೇಲೆ ಹಗುರಾದ ಹುಲ್ಲಿನ ಮಾಡು. ಕಲ್ಲನ್ನು ಬರೀ ಮಣ್ಣಲ್ಲಿ ಕಟ್ಟಿದ ಭುಂಗಾಗಳು ಅಲ್ಲೂ ಬಿರಿದವು, ಅದನ್ನೂ ಹೇಳಬೇಕು.

ಆಮೇಲೆ ಕಛ್‌ನಲ್ಲಿ ನಡೆದ ಕೆಲಸ ನನಗೆ ಹೆಚ್ಚು ಹಿಡಿಸಿದ್ದು. ಬಹುಪಾಲು ಜನರಿಗೆ ಸರ್ಕಾರ ಮನೆ ಕಟ್ಟಿಕೊಡಲಿಲ್ಲ, ದುಡ್ಡನ್ನು ಕಂತಲ್ಲಿ ಕೊಟ್ಟಿತು. ಪಾಯ ಸರಿಯಿದೆಯಾ, ಬಾಗಿಲ ಮೇಲೆ ಸುತ್ತಲೂ ಗೋಡೆಗಳನ್ನು ಬಿಗಿಯುವ ಕಾಂಕ್ರೀಟ್ ಪಟ್ಟಿ ಬಂದಿದೆಯಾ ಅಂತ ಎಂಜಿನಿಯರ್ ನೋಡಿದ ಮೇಲೆ ಮುಂದಿನ ಕಂತು. ಗೌಂಡಿಗಳಿಗೆ ತರಬೇತಿ ಆಯಿತು. ಭುಜ್‌ನ ಹುನ್ನರಶಾಲಾದಂಥ ಸಂಸ್ಥೆ ಊರಿನ ಕುಶಲಕರ್ಮಿಗಳ ಜೊತೆ ಸೇರಿ ಭುಂಗಾದ ಆಕಾರ ಹಾಗೇ ಉಳಿಸಿಕೊಂಡು, ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿತು. ಎಲ್ಲಿ ಅಡುಗೆ, ಎಲ್ಲಿ ಎಮ್ಮೆ, ಬಾಗಿಲು ಯಾವ ಕಡೆ ಅನ್ನೋದು ಮನೆಯವರ ತೀರ್ಮಾನ. ಗೋಡೆ ಯಾವುದರಿಂದ ಕಟ್ಟಿದೆ ಅನ್ನೋದಕ್ಕಿಂತ ಇದು ದೊಡ್ಡದು ಅಂತ ನನ್ನ ಅಭಿಪ್ರಾಯ.

ಕಿಲ್ಲಾರಿ ಸುತ್ತ 52 ಊರುಗಳನ್ನು ಪೂರ್ತಿ ಎತ್ತಿ ಬೇರೆ ಕಡೆ ಹಾಕಿದರು. ಪೇಟೆಯ ಬಡಾವಣೆ ಥರ ನೇರ ರಸ್ತೆ, ಸಾಲು ಮನೆ. ಎತ್ತಿಗೆ ಜಾಗವಿಲ್ಲ, ಕಣಕ್ಕೆ ಜಾಗವಿಲ್ಲ, ಅಣ್ಣನ ಮನೆ ಒಂದು ಕಡೆ, ತಮ್ಮನದು ಇನ್ನೊಂದು ಕಡೆ. ನಮ್ಮಲ್ಲೇನು ಕಮ್ಮಿಯಾಯಿತು? 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ಕಟ್ಟಿದ 'ಆಸರೆ' ಮನೆಗಳಲ್ಲಿ ಎಷ್ಟೋ ಖಾಲಿ ಬಿದ್ದು, ಸುತ್ತ ಜಾಲಿ ಬೆಳೆಯಿತು. ಹೊಲ ದೂರ, ಮನೆ ಸಣ್ಣದು, ದನ ಎಲ್ಲಿ ಕಟ್ಟೋದು? ಜನ ಹಳೇ ಊರಲ್ಲೇ ಉಳಿದರು, 2019ರಲ್ಲಿ ನೀರು ಮತ್ತೆ ಬಂತು. ಆ ಜನರನ್ನು ಹಟಮಾರಿಗಳು ಅನ್ನೋದು ಸುಮ್ನೆ ಬೈದಂತೆ.

ನೆರೆಯ ಮುನ್ಸೂಚನೆಯದ್ದೂ ಇದೇ ಕಥೆ. ನದಿಯ ಬಣ್ಣ ನೋಡಿ ನೆರೆ ಹೇಳುತ್ತಿದ್ದ ಹಿರಿಯರ ಲೆಕ್ಕ, ಮೇಲೆ ಅಣೆಕಟ್ಟಿನ ಗೇಟು ತೆರೆದಾಗ ನಡೆಯೋದಿಲ್ಲ. ಮೊಬೈಲಿಗೆ 'ಇಷ್ಟು ಲಕ್ಷ ಕ್ಯೂಸೆಕ್' ಅಂತ ಬಂದರೂ ಯಾರಿಗೂ ಏನೂ ತಿಳಿಯೋದಿಲ್ಲ. 'ರಾತ್ರಿಯೊಳಗೆ ನೀರು ಹನುಮಪ್ಪನ ಗುಡಿ ಮೆಟ್ಟಿಲು ಮುಟ್ಟುತ್ತದೆ, ದನ ಬಿಚ್ಚಿ' ಅಂತ ಡಂಗುರ ಹೊಡೆಸಿದರೆ ಊರು ಏಳುತ್ತದೆ. ಅಳತೆ ಎಂಜಿನಿಯರದ್ದು, ಗುಡಿ ಮೆಟ್ಟಿಲು ಊರಿನದ್ದು, ಎರಡೂ ಬೇಕು.

ಈಗ ಕಾಕಾನ ಮನೆ. ಕೆಡವೋದು ಆಮೇಲಿನ ಮಾತು, ಮೊದಲು ಮಾಳಿಗೆಯ ಮಣ್ಣು ಇಳಿಸಲಿ. ಅರ್ಧ ಅಡಿಯಷ್ಟು ಬಿಟ್ಟು, ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ಸೋರುವ ಭಯವೂ ಕಮ್ಮಿ. ಗೋಡೆಯಲ್ಲಿ ಅಲ್ಲಲ್ಲಿ ಒಂದೊಂದು ಕಲ್ಲು ಮೆಲ್ಲಗೆ ಬಿಡಿಸಿ, ಈ ಕಡೆಯಿಂದ ಆ ಕಡೆಗೆ ತೂತು ಮಾಡಿ, ಸರಳು ಇಟ್ಟು ಕಾಂಕ್ರೀಟ್ ತುಂಬಿದರೆ ಎರಡು ಸಾಲೂ ಒಂದಕ್ಕೊಂದು ಕಟ್ಟಿಕೊಳ್ಳುತ್ತವೆ. ಕಿಲ್ಲಾರಿ ಆದಮೇಲೆ ಮರಾಠವಾಡದಲ್ಲಿ ಮಾಡಿದ ಉಪಾಯ ಇದು. ಕಂಬ ತೊಲೆ ಕೂಡುವಲ್ಲಿ ಓರೆಯಾಗಿ ಮರದ ಆಸರೆ ಕೊಡಿಸಿ. ಆದರೆ ಗೋಡೆ ಈಗಾಗಲೇ ಹೊಟ್ಟೆ ಬಿಟ್ಟಿದ್ದರೆ ಇದಾವುದಕ್ಕೂ ಕೈ ಹಾಕಬೇಡಿ, ತಿಳಿದ ಎಂಜಿನಿಯರಿಗೆ ತೋರಿಸಿ, ಅವರು ಕೆಡವಿ ಅಂದರೆ ಕೆಡವಿ. ಕಲ್ಲು ಮತ್ತು ಮರ ಮಾತ್ರ ಮಾರಬೇಡಿ, ಹೊಸ ಮನೆಗೆ ಬೇಕಾಗುತ್ತದೆ.