ಹಾಳೆ ಹಾಸಿದ ಹೊಂಡದಿಂದ ಹತ್ತಿ ಬರುವುದು ಹೇಗೆ?

ಪ್ರಶ್ನೆ: ಕೃಷಿ ಭಾಗ್ಯ ಯೋಜನೆಯಲ್ಲಿ 3 ಮೀಟರ್ ಆಳದ ಹೊಂಡ ತೋಡಿಸಿ ಪ್ಲಾಸ್ಟಿಕ್ ಹಾಳೆ ಹಾಸಿದ್ದೇವೆ. ಸುತ್ತ ನಾಲ್ಕೆಳೆ ಮುಳ್ಳುತಂತಿ ಇದೆ. ಮಕ್ಕಳಿಗೆ 6 ಮತ್ತು 9 ವರ್ಷ. ದೊಡ್ಡವನಿಗೆ ಈಜು ಬರುತ್ತದೆ. ಇಷ್ಟು ಸಾಕೇ?
– ಓದುಗರು, ಕುಷ್ಟಗಿ ತಾಲ್ಲೂಕು

ಉತ್ತರ: ಸಾಲದು. ಇಂಥ ಹೊಂಡದಲ್ಲಿ ಈಜು ಬಲ್ಲವರೂ ಮುಳುಗುತ್ತಾರೆ. ಕೆರೆಯ ದಂಡೆಯಲ್ಲಿ ಕಾಲಿಗೆ ಮಣ್ಣು, ಕೈಗೆ ಹುಲ್ಲು ಸಿಗುತ್ತದೆ. ಹಾಳೆಯ ಮೇಲೆ ಏನೂ ಸಿಗುವುದಿಲ್ಲ. ಒಂದು ಮೀಟರ್ ಆಳಕ್ಕೆ ಅಡ್ಡಕ್ಕೆ ಒಂದೇ ಮೀಟರ್ ಸರಿಯುವ ಓರೆ ಬದಿ ಕಡಿದಾಗಿರುತ್ತದೆ, ಮೇಲೆ ಪಾಚಿ ಬೇರೆ. ಹುಡುಗ ಅಂಚಿನವರೆಗೆ ಈಜಿ ಬಂದರೂ ಹತ್ತಲಾಗದೆ ಜಾರುತ್ತಾನೆ. ನಾಲ್ಕೈದು ಸಲ ಜಾರಿದ ಮೇಲೆ ಕಸುವು ಮುಗಿಯುತ್ತದೆ. ಎತ್ತಲು ಹೋದವರೂ ಹಾಗೆಯೇ ಜಾರಿ ಬೀಳುತ್ತಾರೆ. ಒಂದೇ ಮನೆಯ ಇಬ್ಬರು, ಮೂವರು ಹೋಗುವುದು ಹೀಗೆ.

ಆದ್ದರಿಂದ ಮೊದಲು ಹಗ್ಗ ಕಟ್ಟಿ. ಬೆರಳು ದಪ್ಪದ ಹಗ್ಗಕ್ಕೆ ಒಂದೊಂದು ಅಡಿಗೆ ಗಂಟು ಹಾಕಿ, ನಾಲ್ಕೂ ಬದಿಯಲ್ಲಿ ಇಳಿಬಿಡಿ. ಗೂಟವನ್ನು ಬದುವಿನಾಚೆ ಗಟ್ಟಿ ನೆಲದಲ್ಲಿ ಹೂಳಬೇಕು. ಹಾಳೆ ತೂತು ಮಾಡಬೇಡಿ. ಉದ್ದದಲ್ಲಿ ಹಲವರು ತಪ್ಪುತ್ತಾರೆ. ಹೊಂಡ ತುಂಬಿದಾಗ ನೀರು ಮುಟ್ಟುವಷ್ಟೇ ಬಿಟ್ಟ ಹಗ್ಗ ಬೇಸಿಗೆಯಲ್ಲಿ ಕೈಗೆ ಎಟುಕುವುದಿಲ್ಲ. 3 ಮೀಟರ್ ಆಳಕ್ಕೆ ಓರೆ ಬದಿಯೇ ಸುಮಾರು 4.25 ಮೀಟರ್ ಆಗುತ್ತದೆ. ಬದು, ಗೂಟ, ಗಂಟು ಸೇರಿಸಿದರೆ 8 ಮೀಟರ್ ಬೇಕು. ತುದಿಗೆ ಬಿರಡೆ ಬಿಗಿದ 5 ಲೀಟರಿನ ಖಾಲಿ ಕ್ಯಾನ್ ಕಟ್ಟಿದರೆ ತುದಿ ತೇಲುತ್ತದೆ, ಕಣ್ಣಿಗೂ ಬೀಳುತ್ತದೆ. ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯಾಗುತ್ತದೆ. ಪ್ರತಿ ಮಳೆಗಾಲಕ್ಕೆ ಮುಂಚೆ ಜಗ್ಗಿ ನೋಡಿ. ಹಳೆಯ ಟೈರುಗಳನ್ನು ಸರಪಳಿಯಂತೆ ಕಟ್ಟಿ ಇಳಿಬಿಟ್ಟರೆ ಮಕ್ಕಳಿಗೆ ಹತ್ತುವುದು ಇನ್ನೂ ಸುಲಭ, ಆದರೆ ಟೈರಿನ ತಂತಿ ಹೊರಬಂದಿರಬಾರದು.

ನಾಲ್ಕೆಳೆ ತಂತಿ ದನಕ್ಕೆ ಬೇಲಿ, ಮಗುವಿಗೆ ಅಲ್ಲ. ನಾಲ್ಕು ಅಡಿಗೆ ಕಡಿಮೆಯಿಲ್ಲದ ಜಾಲರಿ ಬೇಕು. ಕೆಳಗೆ ನಾಲ್ಕು ಇಂಚಿಗಿಂತ ಹೆಚ್ಚು ಸಂದು ಬಿಡಬೇಡಿ. ಗೇಟಿಗೆ ಬೀಗ ಹಾಕಿ, ಬೀಗದ ಕೈ ದೊಡ್ಡವರ ಬಳಿ ಇರಲಿ.

ಪ್ರಶ್ನೆ: ಯಾರಾದರೂ ಬಿದ್ದರೆ, ಈಜು ಬಲ್ಲವರು ಕೂಡಲೇ ಹಾರಬಹುದೇ?
– ಓದುಗರು, ಹಿರಿಯೂರು

ಉತ್ತರ: ಹಾರಬೇಡಿ. ಮುಳುಗುವವರು ಸಿಕ್ಕಿದ್ದನ್ನು ತಬ್ಬಿ ಕೆಳಕ್ಕೊತ್ತುತ್ತಾರೆ. ಬದುವಿನ ಮೇಲೆ ಬೋರಲು ಮಲಗಿ, ಕಾಲನ್ನು ಇನ್ನೊಬ್ಬರು ಹಿಡಿದಿರಲಿ; ಗಳ ಅಥವಾ ಸೀರೆ ಚಾಚಿ. ದೂರವಿದ್ದರೆ ಮುಚ್ಚಳ ಬಿಗಿದ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಎಸೆಯಿರಿ. 20 ಲೀಟರಿನದು ದೊಡ್ಡವರ ತಲೆಯನ್ನೂ ನೀರಿನ ಮೇಲೆ ನಿಲ್ಲಿಸುತ್ತದೆ. ಇನ್ನೊಂದು ಮಾತು: ಮುಳುಗುವವರು ಕೂಗುತ್ತಾರೆಂದು ಕಾಯಬೇಡಿ. ಬಾಯಿ ನೀರಿನ ಮಟ್ಟದಲ್ಲಿ ಏಳುತ್ತಾ ಮುಳುಗುತ್ತಾ ಇರುವಾಗ ಉಸಿರಿಗೇ ಬಿಡುವಿಲ್ಲ, ದನಿ ಎಲ್ಲಿಂದ ಬರಬೇಕು?

ಪ್ರಶ್ನೆ: ಹೊರತೆಗೆದವರನ್ನು ಉಪ್ಪಿನ ರಾಶಿಯಲ್ಲಿ ಹೂತರೆ ಉಪ್ಪು ನೀರು ಹೀರಿ ಜೀವ ಬರುತ್ತದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ನಿಜವೇ?
– ಓದುಗರು, ಬ್ಯಾಡಗಿ

ಉತ್ತರ: ಸುಳ್ಳು. ಚರ್ಮದ ಹೊರಗಿನ ಉಪ್ಪು ಶ್ವಾಸಕೋಶದ ನೀರನ್ನು ಎಳೆಯಲಾರದು. ಉಪ್ಪು ತರುವಷ್ಟರಲ್ಲಿ ಬದುಕಿಸಬಹುದಾಗಿದ್ದ ನಿಮಿಷಗಳು ಕಳೆದುಹೋಗುತ್ತವೆ. ಹೊಟ್ಟೆ ಒತ್ತುವುದು, ತಲೆಕೆಳಗಾಗಿ ತಿರುಗಿಸುವುದು ಸಹ ಬೇಡ. ಹೊಟ್ಟೆಯಲ್ಲಿದ್ದದ್ದು ಉಕ್ಕಿ ಶ್ವಾಸನಾಳಕ್ಕೆ ಇಳಿಯುತ್ತದೆ. ಕೊಲ್ಲುವುದು ಆಮ್ಲಜನಕದ ಕೊರತೆ, ಆದ್ದರಿಂದ ಮೊದಲು ಉಸಿರು ಕೊಡಿ.

ಒಬ್ಬರು 108ಕ್ಕೆ ಕರೆ ಮಾಡಲಿ. ಅಂಗಾತ ಮಲಗಿಸಿ, 10 ಸೆಕೆಂಡಿನೊಳಗೆ ಉಸಿರು ನೋಡಿ. ಇಲ್ಲದಿದ್ದರೆ ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಎದೆ ಏಳುವಷ್ಟು 5 ಸಲ ಊದಿ. ನಂತರ ಎದೆಯ ನಡುಮೂಳೆಯ ಕೆಳಭಾಗವನ್ನು 30 ಸಲ ಒತ್ತಿ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ. ದೊಡ್ಡವರಿಗೆ 5–6 ಸೆಂಟಿಮೀಟರ್, ಮಕ್ಕಳಿಗೆ ಎದೆಯ ದಪ್ಪದ ಮೂರನೆಯ ಒಂದು ಭಾಗದಷ್ಟು ಆಳ. ಮತ್ತೆ 2 ಉಸಿರು, 30 ಒತ್ತು. ಉಸಿರು ಬರುವವರೆಗೆ, ಇಲ್ಲವೇ ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಕೆಲವು ಗಂಟೆಗಳ ನಂತರವೂ ಉಸಿರಾಟ ಕೆಡಬಹುದು.